ಮೇಲಕ್ಕೆ ಹೋಗುವ ಬುಟ್ಟಿ

ಇಂಬಾಬಾದ ನಮ್ಮ ಓಣಿಯಲ್ಲಿ ಎಲ್ಲರ ಬುಟ್ಟಿಯೂ
ಹಗ್ಗ ಹಿಡಿದು ಖಾಲಿ ಇಳಿಯುತ್ತದೆ, ತುಂಬಿ ಏರುತ್ತದೆ:
ಟೊಮ್ಯಾಟೊ, ಸಿಗರೇಟು, ಎಣಿಸಿಟ್ಟ ಚಿಲ್ಲರೆ.
ಅತಿಯ್ಯಾತಳ ಬುಟ್ಟಿ ಮಾತ್ರ
ಅಂಗಡಿಯ ತನಕ ಹೋಗುವುದೇ ಇಲ್ಲ.
ತಾರಸಿಯಿಂದ ಹೊರಟು ಪ್ರತಿ ಕಿಟಕಿಗೂ ಒಮ್ಮೆ ಡಿಕ್ಕಿ ಹೊಡೆದು
ನಿಂತು ಕಾಯುತ್ತದೆ,
ಬಾಡಿಗೆ ವಸೂಲಿಗೆ ಬಂದವನ ಹಾಗೆ.

ನಾಲ್ಕನೆಯವರದು ಕಲ್ಲಂಗಡಿ ಸಿಪ್ಪೆ.
ಮೂರನೆಯ ಮಹಡಿಯ ನನ್ನದು ತಳ ಹಿಡಿದ ಅನ್ನ,
ಸೊಪ್ಪಿನ ದಂಟು, ನಿನ್ನೆಯ ರೊಟ್ಟಿ, ಮೊನ್ನೆಯ ರೊಟ್ಟಿ.
ಎರಡನೆಯ ಮಹಡಿಯ ದರ್ಜಿ ವಗ್ದಿ ಒಂಟಿ ಜೀವ;
ಪಾತ್ರೆಯ ತಳದ ನಾಲ್ಕು ಬೆಂದ ಕಾಳು ಹಾಕಿ
ಮೇಲೆ ನೋಡಿ ಕ್ಷಮೆ ಕೇಳುತ್ತಾನೆ.

ಉಪ್ಪಿನಕಾಯಿ ಬೇಡ! ಎಂದು ಕೂಗು ಬೀಳುತ್ತದೆ ಮೇಲಿನಿಂದ.
ಈರುಳ್ಳಿ ಬೇಡ, ಮೊಟ್ಟೆ ನಾರುತ್ತದೆ.
ಬೂಸ್ಟು ಹಿಡಿದದ್ದನ್ನು ನೀನು ತಿನ್ನುತ್ತೀಯಾ?
ಹೊಸದಾಗಿ ಬಂದ ಸೊಸೆಯಂದಿರಿಗೆ
ಮೊದಲು ಅವಳ ಪಾಠ, ಆಮೇಲೆ ಅತ್ತೆಯದು.
ಒಮ್ಮೆ ನಾನು ಎಂಜಲು ಎಂದೆ. ಹಗ್ಗ ನಿಂತಿತು.
‘ಪಾಲು ಅನ್ನು’ ಎಂದಳು.

ಗುರುವಾರ ಬುಟ್ಟಿ ತುಂಬಿಯೇ ಇಳಿಯುತ್ತಿತ್ತು.
ಪತ್ರಿಕೆಯ ಕ್ರೀಡಾಪುಟದಲ್ಲಿ ಸುತ್ತಿದ ಒಂದೊಂದು ಮೊಟ್ಟೆ,
ಇನ್ನೂ ಬಿಸಿ, ಬದಿಗೆ ಅಂಟಿದ ಒಂದು ಪುಕ್ಕ.
ಆ ಭಂಡಾರದ ಬಣ್ಣ ನೋಡಿ,
ಅದು ನಮ್ಮ ಕಲ್ಲಂಗಡಿಯದು ಎಂದು ನಾಲ್ಕನೆಯವರು,
ನನ್ನ ಸೊಪ್ಪಿನದು ಎಂದು ನಾನು,
ಮೆಟ್ಟಿಲ ಮೇಲೆ ಜಗಳ.
ವಗ್ದಿ ಏನೂ ಹೇಳುತ್ತಿರಲಿಲ್ಲ. ತನ್ನ ಮೊಟ್ಟೆಯನ್ನು
ಬಟ್ಟೆಯ ಚೂರುಗಳ ಡಬ್ಬಿಯಲ್ಲಿ ಎರಡು ದಿನ ಇಟ್ಟು ನೋಡುತ್ತಿದ್ದ.

ರೊಟ್ಟಿಗೆ ಈ ಊರಿನಲ್ಲಿ ಐಶ್ ಎನ್ನುತ್ತೇವೆ,
ಬದುಕು ಎಂಬ ಮಾತಿನ ಒಡಹುಟ್ಟು.
ದಾರಿಯಲ್ಲಿ ಚೂರು ಬಿದ್ದಿದ್ದರೆ ಎತ್ತಿ
ತುಟಿಗೆ, ಹಣೆಗೆ ಮುಟ್ಟಿಸಿ
ಗೋಡೆಯ ಬಿರುಕಿನಲ್ಲಿಟ್ಟು ಮುಂದೆ ಹೋಗುತ್ತೇವೆ.
ಅದನ್ನು ಕಸಕ್ಕೆ ಹಾಕುವ ಕೈ
ನನಗಿನ್ನೂ ಹುಟ್ಟಿಲ್ಲ.

ಆಮೇಲೆ ಹಕ್ಕಿಜ್ವರದ ವರ್ಷ ಬಂತು.
ಬಿಳಿ ಉಡುಪಿನವರು ಚೀಲ ಹಿಡಿದು ಮೆಟ್ಟಿಲು ಹತ್ತಿದರು.
ಹನ್ನೊಂದು ಕೋಳಿ, ಎರಡು ಬಾತು;
ತಲೆ ಓರೆ ಮಾಡಿ ಎಲ್ಲವನ್ನೂ ಪರೀಕ್ಷಿಸುವ, ನಾವೆಲ್ಲ
ಡಾಕ್ಟರಮ್ಮ ಎನ್ನುತ್ತಿದ್ದ ಆ ಕೆಂಚಿಯೂ ಸೇರಿ.
ಅವಳು ಅಳಲಿಲ್ಲ, ವಾದಿಸಲಿಲ್ಲ.
‘ಈಗ ತಾನೇ ಹಾಕಿದ್ದೇನೆ, ತಿಂದು ಮುಗಿಸಲಿ’ ಎಂದಳು.
ಮುಖವಾಡದೊಳಗಿನ ಒಬ್ಬ ಹುಡುಗ
ಗೋಡೆಗೆ ತಿರುಗಿ ನಿಂತು
ಮುಗಿಯುವ ತನಕ ಕಾದನಂತೆ.

ಮೂರು ತಿಂಗಳು ಬುಟ್ಟಿ ಇಳಿಯಲಿಲ್ಲ.
ಅನ್ನದ ಅಳತೆ ಕಡಿಮೆ ಮಾಡಿದೆ; ಆದರೂ ಉಳಿಯಿತು.
ಇನ್ನೂ ಕಡಿಮೆ ಮಾಡಿದೆ; ಮಕ್ಕಳಿಗೆ ಸಾಲದಾಯಿತು,
ಆದರೂ ಒಂದು ಹಿಡಿ ಉಳಿಯಿತು.
ಕಿಟಕಿಯ ಹೊರಗೆ ಕಟ್ಟಿದ ಚೀಲದಲ್ಲಿ
ರೊಟ್ಟಿ ಒಣಗಿ ಒಣಗಿ ಹೆಂಚಾಯಿತು,
ಗಾಳಿ ಬಂದಾಗ ಕಟಕಟ ಎಂದಿತು.
ಸಿಪ್ಪೆಯನ್ನು ಕಸಕ್ಕೇ ಹಾಕಿದೆವು ಎಲ್ಲರೂ,
ಯಾರೂ ನೋಡದ ಹೊತ್ತಿನಲ್ಲಿ, ಕಳ್ಳರ ಹಾಗೆ.
ಓಣಿಯ ಬೆಕ್ಕುಗಳು ದಪ್ಪಗಾದವು.
ಮೆಟ್ಟಿಲ ಮೇಲೆ ಜಗಳವಿಲ್ಲ,
ಮಾತೂ ಇಲ್ಲ.

ಇವತ್ತು ಬೆಳಗಿನ ಜಾವ, ಬಾಂಗು ಇನ್ನೂ ಮುಗಿದಿರಲಿಲ್ಲ,
ನನ್ನ ಕಿಟಕಿಗೆ ಏನೋ ಬಡಿಯಿತು.
ಖಾಲಿ ಬುಟ್ಟಿ. ಅಲ್ಲಾಡದೆ ನಿಂತಿದೆ.
ಮೇಲೆ ನೋಡಿದರೆ ಹಗ್ಗ ಕಾಣುತ್ತದೆ, ಕೈ ಕಾಣುವುದಿಲ್ಲ.
ಯಾರಿಗೆ ಎಂದು ನಾನು ಕೇಳಲಿಲ್ಲ.
ಉಪ್ಪಿನಕಾಯಿ ತೆಗೆದೆ, ಈರುಳ್ಳಿ ತೆಗೆದೆ,
ರೊಟ್ಟಿಯನ್ನು ನೀರಿಗೆ ಅದ್ದಿ ಸಣ್ಣಗೆ ಮುರಿದು ಹಾಕಿದೆ.
ಎಷ್ಟು ಸಣ್ಣಗೆ ಎಂದರೆ,
ಪುಟ್ಟ ಕೊಕ್ಕಿಗೆ ಸಾಕಾಗುವಷ್ಟು.

ಈಗ ತಾರಸಿಯ ತಗಡಿನ ಮೇಲೆ
ಟಕ್ ಟಕ್, ಟಕ್.
ಯಾರಾದರೂ ಬಂದು ಕೇಳಿದರೆ
ಮಳೆ ಎನ್ನುತ್ತೇನೆ,
ವರ್ಷಕ್ಕೆ ಮೂರು ದಿನವೂ ಹನಿಯದ
ಈ ಕೈರೋದಲ್ಲಿ.