ಕೈ ಬೆಚ್ಚಗೆ ಮಾಡಿಕೊಂಡು

ಐವತ್ತೆಂಟಕ್ಕೆ ವೈಕೆ ಪಾದ್ರಿಯಾದಳು.
ಅದಕ್ಕೂ ಮೊದಲು ಮೂವತ್ತೊಂದು ವರ್ಷ
ಈ ಸಾರೆಮಾ ದ್ವೀಪದ ದನಗಳಿಗೆ ಡಾಕ್ಟರು.
ಅರವತ್ತಕ್ಕೆ ಅರಳುಮರುಳು ಅಂತಾರೆ,
ಇವಳಿಗೆ ಎರಡು ವರ್ಷ ಮೊದಲೇ ಬಂತು
ಅಂದವನು ನಾನೇ, ಹಾಲಿನ ಲಾರಿಯ ಹತ್ತಿರ, ಎಲ್ಲರೆದುರು.
ನಕ್ಕವರಲ್ಲಿ ಅವಳ ತಮ್ಮನೂ ಇದ್ದ.

ಶುಕ್ರವಾರ ಸಂಜೆಯ ಫೆರಿ ಹಿಡಿದು
ತಾಲಿನ್ನಿಗೆ ಹೋಗುತ್ತಿದ್ದಳು ಓದಲಿಕ್ಕೆ.
ಕಾರಿನ ಹಿಂದಿನ ಸೀಟಿನಲ್ಲಿ
ರಬ್ಬರ್ ಬೂಟಿಗೆ ಒರಗಿ ಕೂತ ಗ್ರೀಕ್ ವ್ಯಾಕರಣ.
ಒಮ್ಮೆ ನಮ್ಮ ಕೊಟ್ಟಿಗೆಯಲ್ಲಿ ನೋಟ್‌ಬುಕ್ಕು ಮರೆತು ಹೋದಳು.
ಎಡಪುಟದಲ್ಲಿ ಕರು ಹಾಕುವ ತಾರೀಖುಗಳು,
ಬಲಪುಟದಲ್ಲಿ ಇರುವೆಸಾಲಿನಂಥ ಅಕ್ಷರ,
ಕೆಳಗೆ ನಮ್ಮ ಭಾಷೆಯಲ್ಲಿ:
ಉಸಿರು, ಗಾಳಿ, ಆತ್ಮ. ಮೂರಕ್ಕೂ ಒಂದೇ ಪದ.
ಅದರ ಪಕ್ಕಕ್ಕೆ, ಬೇರೆ ಶಾಯಿಯಲ್ಲಿ:
ಎಂಡೆಲ್‌ನ ಕಪ್ಪು ಹಸು, ಸೋಮವಾರ ಮತ್ತೆ ನೋಡಬೇಕು.

ನಾನು ಚರ್ಚಿಗೆ ಹೋಗುವವನಲ್ಲ.
ನಾನು ಶಾಲೆಗೆ ಹೋಗುವಾಗ ಅದು ಗೊಬ್ಬರದ ಗೋದಾಮು.
ಇವತ್ತಿಗೂ ಮಳೆ ಹಿಡಿದರೆ
ಆ ಸುಣ್ಣಕಲ್ಲಿನ ಗೋಡೆ ಯೂರಿಯಾ ಬೆವರುತ್ತದೆ.

ಬಿಳಿ ಚುಕ್ಕೆಯ ಕುದುರೆ ಇತ್ತು ನಮ್ಮಲ್ಲಿ.
ಅದರ ಕರುಳು ತಿರುಚಿಕೊಂಡ ರಾತ್ರಿ ವೈಕೆ ಬಂದಳು,
ಸಿರಿಂಜು ತೆಗೆದು ನನ್ನ ಮುಖ ನೋಡಿದಳು,
ನಾನು ತಲೆಯಾಡಿಸಿದೆ.
ಮೂರು ನಿಮಿಷ. ಅಷ್ಟೇ.

ಈ ಫೆಬ್ರವರಿ, ಸಮುದ್ರ ಹೆಪ್ಪುಗಟ್ಟಿ ಫೆರಿ ನಿಂತ ವಾರ,
ಒಳಕೋಣೆಯಲ್ಲಿ ಸಾಲ್ಮೆ ದಿಂಬು ಕಚ್ಚಿ ನರಳುತ್ತಿದ್ದಳು.
ಕರೆಸು ಅಂದದ್ದು ಅವಳೇ.
ಪಾದ್ರಿಯನ್ನಲ್ಲ, ವೈಕೆಯನ್ನ, ಅಂದಳು.

ಅದೇ ಕಂದು ಚರ್ಮದ ಬ್ಯಾಗು.
ಬಾಗಿಲಲ್ಲಿ ನಾನು ಅದನ್ನೇ ನೋಡಿದ್ದು, ಅವಳನ್ನಲ್ಲ.
ನಾಲಗೆ ತುದಿಯಲ್ಲಿ ಇದ್ದದ್ದು ಬಿದ್ದೇ ಹೋಯಿತು:
ಕುದುರೆಗೆ ಮಾಡಿದೆಯಲ್ಲ, ವೈಕೆ.

ಮೇಜಿನ ಮೇಲೆ ಬ್ಯಾಗಿಟ್ಟು ಬಾಯಿ ಅಗಲಿಸಿ ತೋರಿಸಿದಳು.
ಒಂದು ಪುಸ್ತಕ.
ಬೆರಳುದ್ದದ ಬಾಟಲಿಯಲ್ಲಿ ದ್ರಾಕ್ಷಾರಸ.
ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಚೂರು.
ಇಷ್ಟೇ, ಎಂಡೆಲ್. ಈಗ ಇದರಲ್ಲಿರುವುದು ಇಷ್ಟೇ.
ಮನೆಗೆ ಬಂದವರ ಮುಂದೆ ಖಾಲಿ ಡಬ್ಬಿ ತೆರೆದವಳ ಹಾಗೆ
ಮುಖ ಸಣ್ಣದು ಮಾಡಿಕೊಂಡಿದ್ದಳು.

ಆಮೇಲೆ ಒಲೆಯ ಮುಂದೆ ನಿಂತು
ಕೈ ಬೆಚ್ಚಗೆ ಮಾಡಿಕೊಂಡಳು.
ಅಂಗೈ, ಹಿಂಗೈ, ಮತ್ತೆ ಅಂಗೈ.
ಗಬ್ಬದ ಹಸುವನ್ನು ಮುಟ್ಟುವ ಮೊದಲು ಮಾಡುತ್ತಿದ್ದಳಲ್ಲ,
ಹಾಗೇ.

ನಮ್ಮ ತಂದೆಯೇ, ಅಂತ ಶುರುಮಾಡಿದಳು.
ನಡುವೆ ಎಲ್ಲೋ ದಾರಿ ತಪ್ಪಿತು.
ಪುಸ್ತಕ ತೆರೆಯಲಿಲ್ಲ. ಸಾಲ್ಮೆಯ ಬೆನ್ನ ಮೇಲೆ ಕೈಯಿಟ್ಟು
ಹೋ ಹೋ, ಬಂಗಾರಾ, ಹೋ, ಅಂದಳು.
ಕೊಟ್ಟಿಗೆಯ ದನಿ!
ನನಗೆ ನಗು ಬಂತು, ಹಲ್ಲು ಕಚ್ಚಿದೆ.
ಹಾಲು ಕರೆಯುತ್ತ ಆ ದನಿ ಕೇಳಿ ಬಲ್ಲವಳು ಸಾಲ್ಮೆ.
ಅವಳ ತುಟಿಯೂ ಅಲುಗಿತು,
ಬಿಗಿದ ಹೆಗಲು ಒಂದಿಷ್ಟು ಇಳಿಯಿತು.

ನೋವು ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.
ನೋವು ಇತ್ತು. ನಾಲ್ಕು ದಿನ ಇತ್ತು.
ನಾಲ್ಕು ದಿನವೂ ವೈಕೆ ಇದ್ದಳು,
ಉಣ್ಣೆಯ ಕಾಲುಚೀಲದಲ್ಲಿ, ಅಡುಗೆಮನೆಯ ಕುರ್ಚಿಯಲ್ಲಿ,
ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನದನ್ನು ಎಣಿಸುತ್ತ.
ನಾನು ಬಾರ್ಲಿಯ ಗಂಜಿ ಮಾಡಿದೆ, ತಳ ಹಿಡಿಸಿದೆ.
ತಿಂದಳು.

ಐದನೆಯ ಬೆಳಗ್ಗೆ
ಹೊರಗಿನ ಗಾಳಿಯೋ, ಒಳಗಿನ ಉಸಿರೋ,
ಯಾವುದು ಮೊದಲು ನಿಂತಿತೋ ತಿಳಿಯಲಿಲ್ಲ.
ಇಬ್ಬರೂ ಕಿವಿಗೊಟ್ಟು ಕೂತಿದ್ದೆವು.

ಹೊಸ್ತಿಲ ತನಕ ಹೋಗಿ, ಹಳೆಯ ಅಭ್ಯಾಸ,
ಜೇಬಿಗೆ ಕೈಹಾಕಿ ಕೇಳಿಯೇಬಿಟ್ಟೆ: ಎಷ್ಟಾಯಿತು?

ವೈಕೆ ಕೊಟ್ಟಿಗೆಯತ್ತ ನೋಡಿದಳು.
ಆ ಕೆಂಪು ಕಡಸು ಎಡಗಾಲು ಊರುತ್ತಿಲ್ಲ,
ನಿನ್ನೆಯಿಂದ ನೋಡುತ್ತಿದ್ದೇನೆ. ಬಾ, ಟಾರ್ಚು ಹಿಡಿ.

ಅಲ್ಲಿ ಒಲೆ ಇಲ್ಲ.
ಕರಿ ಕೋಟಿನ ತೋಳು ಮಡಚಿ
ಎರಡೂ ಅಂಗೈಗೆ ಉಸಿರು ಊದಿಕೊಂಡಳು.
ಕಡಸು ಒಂದು ಹೆಜ್ಜೆ ಹಿಂದೆ ಸರಿಯಿತು,
ಆಮೇಲೆ ನಿಂತಿತು.