ಸೀಗಿಪುಡಿ

ಬ್ಯಾಡಗ್ಯಾಗ ಯಾವ ಗಿರಣಿಗೆ ಹೋದ್ರೂ
ಕಲ್ಲಿನ ಹಲ್ಲಿನ್ಯಾಗ ಮೆಣಸಿನಕಾಯಿ.
ಮೊದಲ ಸಲ ಬೀಸಿಸಿದ ನನ್ನ ಸೀಗಿಪುಡಿ
ಕುಸುಮಾ ಟೀಚರ್ ನೆತ್ತಿಗೆ ಬೆಂಕಿ ಹಚ್ಚಿತು.
ಹನ್ನೊಂದು ಪಾಕೀಟು ವಾಪಸ್ ಬಂದವು,
ಅವುಗಳ ಜೋಡಿ ಒಂದು ನಗಿ:
‘ತಲಿಗೆ ಹಚ್ಚೂದೋ, ರೊಟ್ಟಿಗೆ ಹಚ್ಚಿಕೊಳ್ಳೂದೋ, ಶಿವಲೀಲಾ?’

ನಾನೂ ನಕ್ಕೆ.
ಆಮ್ಯಾಲೆ ಬಚ್ಚಲದಾಗ ಚಿಲಕ ಹಾಕಿ
ನನ್ನ ತಲಿಗೇ ತಿಕ್ಕಿಕೊಂಡೆ,
ಉರಿ ಎಷ್ಟಂತ ತಿಳೀಬೇಕಿತ್ತು.

ಸಂಘದ ಸಾಲ. ರಾಣೆಬೆನ್ನೂರ ಗುಜರಿಯ ಸಣ್ಣ ಮಷೀನು.
ಕರೆಂಟು ಕೊಡೂದು ರಾತ್ರಿ ಎರಡಕ್ಕ.
ಸೀಗಿ, ಮೆಂತೆ, ಒಣಗಿದ ದಾಸವಾಳದೆಲಿ,
ಸೀನಿನ ಮ್ಯಾಲ ಸೀನು.
ಗೋಡಿ ಆಚಿಂದ ಅತ್ತಿ:
‘ಊರಿಗೆಲ್ಲ ಚೆಲುವು ಮಾರ್ತಿ,
ನಿನ್ನ ಮಾರಿ ಒಮ್ಮೆ ನೋಡ್ಕೋ.’
ನೋಡಿಕೊಂಡೆ. ಹುಬ್ಬೆಲ್ಲ ಹಸರ.

ನಿನ್ನೆ ಹಾವೇರಿ ಬಸ್ಸಿನ್ಯಾಗ
ಮುಂದಿನ ಸೀಟಿನ ಹುಡುಗಿ
ಹಸಿ ಕೂದಲ ಬಿಚ್ಚಿ ಹರವಿದಳು.
ಕಿಟಕಿ ಗಾಳಿಗೆ ಬಂತು
ಸೀಗಿ, ಮೆಂತೆ, ಮತ್ತ ತುಸು ಹೆಚ್ಚಾದ ಕಿತ್ತಳೆ ಸಿಪ್ಪಿ,
ದೀಪಾವಳಿ ಗಡಿಬಿಡಿಯಾಗ ನನ್ನ ಕೈ ತಪ್ಪಿ ಬಿದ್ದದ್ದು.

ಯಾರ ಮಗಳೋ.
ಮೋಟೆಬೆನ್ನೂರಿಗೆ ಇಳದು ಹೋದಳು.
ನಾ ಏನೂ ಅನ್ನಲಿಲ್ಲ.
ಟಿಕೀಟಿನ ಹಿಂದ ಬರಕೊಂಡೆ:
ಕಿತ್ತಳೆ ಅಷ್ಟs ಇರಲಿ.