ಓಟಕ್ಕ ಕಾಲಂ ಇಲ್ಲ

ಮುಳುಗಡಿ ಸರ್ವೇದಾಗ ನಾನು ಚೈನು ಹಿಡಿಯಾಂವ.
ಮನಿ ಎಷ್ಟು ಫೂಟು, ಬಾವಿ ಎಷ್ಟು ಆಳ,
ಬೇವಿನ ಗಿಡದ ಸುತ್ತಳತಿ, ಕೊಟಗಿ ಮ್ಯಾಲಿನ ತಗಡು,
ಎಲ್ಲಾಕೂ ಒಂದೊಂದು ಕಾಲಂ ಇತ್ತು.
ದಾವಲಸಾಬ ನದಾಫ ಬಂದು ನಿಂತ,
ಗಾದಿ ಹತ್ತಿಯ ಎಳಿ ಮೀಸ್ಯಾಗ ಸಿಕ್ಕಿತ್ತು:
"ಸಾಹೇಬ್ರ, ನನ್ನ ಓಟ ಒಂದು ಅಳೀರಿ."

ನಾರಿನ ಮ್ಯಾಟಿಂದ ಹೊಳಿದಂಡಿ ಜಾಲಿಗಿಡದ ತನಕ
ಇಪ್ಪತ್ತಾರು ಹೆಜ್ಜಿ.
ಚೈನು ಹಾಸಿದೆ. ಬರದೆ. ಹೊಡದು ಹಾಕಿದೆ.

ಅಂವ ಬೌಲಿಂಗ ಕಲತದ್ದು ರೇಡಿಯೋದಾಗ.
ಬಾಗಲಕೋಟಿ ದೀಪ ಹಚ್ಚೂ ಹೊತ್ತಿಗೆ ಅಲ್ಲಿ ಮುಂಜಾನಿ;
ಬಾರ್ಬಡೋಸ್, ಆಂಟಿಗುವಾ, ಜಮೈಕಾ,
ಕೊರಕೊರ ಸದ್ದಿನಾಗ ಮುಳುಗತಿದ್ವು, ಏಳತಿದ್ವು.
ಇಂಗ್ಲೀಷ ತಿಳೀತಿದ್ದಿಲ್ಲ ಅವಗ.
ನಾಕು ಮಂದಿ ಅದಾರ ಅನ್ನೂದು ತಿಳೀತಿತ್ತು,
ಒಬ್ಬ ದಣದ್ರ ಇನ್ನೊಬ್ಬ, ಅವನೂ ದಣದ್ರ ಮತ್ತೊಬ್ಬ,
ಬ್ಯಾಟು ಹಿಡದಾಂವಗ ಉಗುಳು ನುಂಗಾಕ
ಪುರಸೊತ್ತಿಲ್ಲ ಅನ್ನೂದು ತಿಳೀತಿತ್ತು.
ಮರುದಿನ ಬಿಲ್ಲಿನಾಗ ಹತ್ತಿ ಹಿಂಜೂವಾಗ
ಟಂಯ್ ಟಂಯ್ ಟಂಯ್
ಆ ನಾಕು ಮಂದಿ ಓಟಾನ ಹುಡುಕತಿದ್ದ.

"ಅವರ ಮುತ್ಯಾಗೋಳು ಕಬ್ಬು ಕಡದಾವ್ರಂತ,
ಯಾರದೋ ಕಬ್ಬು, ಯಾರದೋ ಸಕ್ರಿ.
ಮೊಮ್ಮಕ್ಕಳ ಕೈಗೆ ಚೆಂಡು ಸಿಕ್ತು. ಅದಕ್ಕ ಆಟು ಉರಿ,"
ಅಂತಿದ್ದ, ಮುಧೋಳದ ಫ್ಯಾಕ್ಟರಿಗೆ ಹೊಂಟ
ಟ್ರಾಕ್ಟರಿನ ಹಿಂದ ಉದುರಿದ ಗಳ ಆರಿಸಕೋತ.

ಮುಂದ ನೀರು ಬಂತು.
ಒಮ್ಮೆಲೆ ಅಲ್ಲ. ಮೊದಲ ಜಾಲಿಗಿಡ,
ಆಮ್ಯಾಲ ಬೌಲಿಂಗ ಗೆರಿ,
ಆಮ್ಯಾಲ ಸ್ಟಂಪು ಹುಗಿಯೂ ಮೂರು ತೂತು.
ಆ ದ್ವೀಪದಾಗೂ ಹಿಂಗ ಆತಂತ:
ಪಿಚ್ಚು ಮಕ್ಕೊಂಡ್ವು,
ರೊಕ್ಕ ಇಪ್ಪತ್ತು ಓವರಿನ ಬಾಜಾರಕ್ಕ ಹರೀತು,
ಎತ್ತರದ ಹುಡುಗೋರು ಬ್ಯಾರೆ ಆಟಕ್ಕ ಹ್ವಾದ್ರು,
ನಾಕು ಮಂದಿ ಇದ್ದಲ್ಲಿ ಒಬ್ಬ, ಅವನ ಮೊಣಕಾಲಿಗೂ ಪಟ್ಟಿ.
ನವನಗರದ ಮನ್ಯಾಗ ಟಿವಿ ಮುಂದ ಕುಂತು
ಸ್ಲೋ ಬಾಲು ಬಿದ್ದಾಗೊಮ್ಮೆ ದಾವಲಸಾಬ ಮಾರಿ ತಿರುವತಿದ್ದ,
ಸ್ವಂತ ಮಗ ಸುಳ್ಳು ಹೇಳಿದಂಗ.

ಒಂದು ಚಳಿಗಾಲ ಓಡಿ ಬಂದ ನನ್ನ ಮನಿಗೆ.
ದೋಣಿ ಇಲ್ಲದ ಮುಟ್ಟಾಕಾಗದ ಊರಿನ ಹುಡುಗನಂತ,
ಕಾಲಬೆರಳು ಜಜ್ಜಿಸಿಕೊಂಡೂ ಏಳು ಮಂದಿನ ಕೆಡವಿದನಂತ.
"ಒಂದು ಮ್ಯಾಚಿಗೆ ಹಬ್ಬ ಮಾಡಬ್ಯಾಡೋ," ಅಂದೆ.
"ಹಬ್ಬ ಯಾರು ಮಾಡ್ಯಾರ? ನಾ ಗಾದಿ ಮಾಡಾಂವ.
ಗಟ್ಟಿ ಆದ ಹತ್ತಿ ಮತ್ತ ಹಿಂಜಿದ್ರ ಏಳತೈತಿ."
ಸ್ವಲ್ಪ ಹೊತ್ತು ಸುಮ್ಮಕಿದ್ದು,
"ಎಲ್ಲಾ ಹತ್ತಿ ಏಳೂದಿಲ್ಲ. ಕೆಲವು ಬರೇ ಧೂಳಾಗತಾವ," ಅಂದ.

ಈ ಮೇ ತಿಂಗಳದಾಗ ಹಿನ್ನೀರು ಸರದು
ಹಳೇ ಗ್ರೌಂಡು ಮ್ಯಾಲ ಬಂತು.
ಬಿರುಕು ಬಿಟ್ಟ ರಾಡಿ, ಸಿಂಪಿ, ಹರಕ ಮೀನಬಲಿ,
ಮ್ಯಾಟಿಗೆ ಹೊಡದ ಮೊಳಿ ಒಂದು, ತುಕ್ಕು ತಿಂದು ಡೊಂಕಾಗಿ.
ಅಲ್ಲಿ ಒಬ್ಬಾಕಿ ಓಡಿ ಬರತಿದ್ಲು.
ತಾಂಡಾದ ಸೇವಂತಾ ರಾಠೋಡ, ಹದಿನೈದು ಇರಬೇಕು,
ಕಬ್ಬಿನ ಗ್ಯಾಂಗಿನ ಜೋಡಿ ಹೋಗಿ ಹೊಳ್ಳಿ ಬಂದಾಕಿ,
ಕುಡಗೋಲಿನ ಗಾಯ ಹೆಬ್ಬಟ್ಟಿಗೆ.
ದಾವಲಸಾಬನ ಕಣ್ಣಿಗೆ ಪರದೆ ಬಂದೈತಿ. ಕಿವೀಲೆ ನೋಡತಿದ್ದ,
ಹಳೇ ರೇಡಿಯೋಕ್ಕ ಹಚ್ಚಿದಂಗ ತಲಿ ವಾರಿ ಮಾಡಿ.

ಮೊದಲ ಚೆಂಡು ಎಲ್ಲೋ ಹೋತು.
ಎರಡನೇದ್ದು ಪುಟಿಲಿಲ್ಲ.
ಮೂರನೇದ್ದು ಬ್ಯಾಟು ಹಿಡದಾಂವನ ಗದ್ದದ ಹಂತೇಲಿ
ಏನೋ ಹೇಳಿ ಹೋತು. ಅಂವ ಬ್ಯಾಟು ಕೆಳಗಿಟ್ಟು
ನೀರು ಕುಡದು ಬರತೀನಿ ಅಂದ.

"ಎಷ್ಟು ಹೆಜ್ಜಿ?" ಕೇಳಿದ ಮುದುಕ.
ಚೈನಿಲ್ಲ ನನ್ನ ಹಂತೇಲಿ. ನಡದು ಎಣಸಿದೆ. ಇಪ್ಪತ್ಮೂರು.
"ಇನ್ನ ಮೂರು ಬೇಕು."
"ಹಿಂದ ನೀರೈತೆಲ್ಲ ಅಜ್ಜಾ," ಅಂದ್ಲು ಹುಡುಗಿ.
"ಇರಲಿ."

ಆಕಿ ಪ್ಯಾಂಟು ಮಡಚಿ
ಹಿಂದ ಹಿಂದ ಸರದು ನೀರಿಗಿಳದ್ಲು.
ಮೊದಲ ಮೂರು ಹೆಜ್ಜಿ ಸಪ್ಪಳ ಬ್ಯಾರೆ ಇತ್ತು.